ಗಾಡಿ ಹೊಡೆಯುವವರು: ದ್ರಾಕ್ಷಾಯಿಣಿ

ಅರಭಾವಿ
ಬುಧವಾರ, 12 ಫೆಬ್ರವರಿ 2025

ಬಸವಲಿಂಗ ಅವರಿಗೆ ಶರಣು.

ಬೆಲ್ಲದ ಬಾಗೇವಾಡಿಯ ರಿಮೋಟ್ ಗಾಡಿ ಓಟದ ಶರ್ಯತ್ತಿನಲ್ಲಿ ನನ್ನ ಹೆಸರು ಉಳಿದಿದೆ. ನಿಮ್ಮ ತಕರಾರನ್ನು ಕಮಿಟಿ ತಳ್ಳಿಹಾಕಿದೆ. ನಿನ್ನೆ ಸಂಜೆ ಕಮಿಟಿಯ ಹಿರಿಯರಾದ ಶಿದ್ಲಿಂಗಪ್ಪ ಕಾಕಾ ಅವರೇ ಫೋನ್ ಮಾಡಿ ತಿಳಿಸಿದರು.

ಗಂಡನ ಹೆಸರು ಹಿಡಿದು ಬರೆದಳೆಂದು ಸಿಟ್ಟಾಗಬೇಡಿ. ತಕರಾರಿನಲ್ಲಿ ನೀವು ನನ್ನ ಹೆಸರೇ ಎತ್ತದೆ ‘ನಮ್ಮ ಮನೆಯ ಹೆಣ್ಣುಮಗಳು’ ಎಂದಿದ್ದೀರಂತೆ. ಇಬ್ಬರಲ್ಲಿ ಒಬ್ಬರಾದರೂ ಹೆಸರು ಬರೆಯಬೇಕಲ್ಲ.

ಗಾಡಿ ನಿಮ್ಮದು ಎಂದಿದ್ದೀರಿ. ಮುಂದಿನ ಗಾಲಿ ಮುರಿದು, ವೈರು ಸುಟ್ಟು, ನೀವು ಅಟ್ಟದ ಮೇಲೆ ಒಗೆದಿದ್ದ ಗಾಡಿ ಅದು. ಮೂಡಲಗಿಯಿಂದ ಬರುವಾಗ ಕೈಚೀಲದಲ್ಲಿ ಹಾಕಿಕೊಂಡು ಬಂದೆ. ಶರ್ಯತ್ತು ಗೆದ್ದ ಒಳ್ಳೆಯ ಗಾಡಿಯನ್ನು ನಿಮಗೇ ಬಿಟ್ಟೆ. ಹೆಂಗಸರು ಕಣಕ್ಕೆ ಕಟ್ಟಿದ ಹಗ್ಗದೊಳಗೆ ನಿಂತು ಗಾಡಿ ಹೊಡೆದ ರೂಢಿ ಇಲ್ಲ ಎಂದೂ ಹೇಳಿದ್ದೀರಿ. ಅದಕ್ಕೆ ಕಾಕಾ ಕೊಟ್ಟ ಉತ್ತರವನ್ನು ಇದ್ದ ಹಾಗೆ ಬರೆಯುತ್ತೇನೆ. ‘ಎತ್ತಿನ ಶರ್ಯತ್ತಿನ್ಯಾಗ ರೂಢಿ ಇಲ್ಲ, ಖರೆ. ಇದರಾಗ ಎತ್ತ ಎಲ್ಲಿ ಅದಾವು?’

ಆಮೇಲೆ ನನ್ನನ್ನು ಕೇಳಿದರು: ‘ನಿನಗ ಹೊಡ್ಯಾಕ ಬರತೈತೇನವಾ?’ ಬರತೈತ್ರಿ, ಭಾನುವಾರ ನೋಡ್ರಿ, ಅಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ನಿಮ್ಮ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಬೆಸುಗೆ ಹಾಕಲು ಕಲಿಸಿದವರು ನೀವೇ. ಅದನ್ನು ಅಲ್ಲಗಳೆಯುವುದಿಲ್ಲ. ರಿಪೇರಿಯ ಉಳಿದ ಕೆಲಸವನ್ನು ಇಲ್ಲಿ ತೋಟಗಾರಿಕೆ ಕಾಲೇಜಿನ ನರ್ಸರಿ ಕೆಲಸ ಮುಗಿದ ಮೇಲೆ, ಸಸಿಮಡಿಗಳ ನಡುವಿನ ಮಣ್ಣು ದಾರಿಯಲ್ಲಿ ಕಲಿತೆ. ಮನೆಯಲ್ಲಿ ಗಾಡಿಯ ಸ್ವಿಚ್ ನೀವೇ ಹಾಕುತ್ತಿದ್ದಿರಿ; ಇಲ್ಲಿ ಮೊದಲ ದಿನವೇ ತಪ್ಪಿದೆ. ರಿಮೋಟ್ ಚಾಲೂ ಮಾಡುವ ಮೊದಲು ಗಾಡಿಯ ಸ್ವಿಚ್ ಹಾಕಿದೆ. ಅದು ಯಾರ ಮಾತೂ ಕೇಳದೆ ಓಡಿ ನೀರಿನ ತೊಟ್ಟಿಗೆ ಗುದ್ದಿತು. ನನ್ನ ಜೊತೆ ಸಸಿ ತುಂಬುವ ಕಸ್ತೂರಿ ನಕ್ಕು ನಕ್ಕು ಕೂತಳು. ‘ಲಗಾಮು ಕೈಯಾಗಿಲ್ಲದ ಎತ್ತ ಬಿಡ್ತಾರೇನ?’ ಅಂದಳು. ಈಗ ಮೊದಲು ರಿಮೋಟ್, ಆಮೇಲೆ ಗಾಡಿ. ಆರಿಸುವಾಗ ಮೊದಲು ಗಾಡಿ, ಆಮೇಲೆ ರಿಮೋಟ್.

ಆಮೇಲೆ ಅದು ಎಡಕ್ಕೆ ಎಳೆಯತೊಡಗಿತು. ರಿಮೋಟಿನ ಗುಂಡಿ ತಿರುವಿ ಸರಿಮಾಡಿದೆನೆಂದುಕೊಂಡೆ. ವೇಗ ಹೆಚ್ಚಿಸಿದಾಗ ಮತ್ತೆ ಎಡಕ್ಕೆ. ಬಿಚ್ಚಿ ನೋಡಿದರೆ ಗಾಲಿ ತಿರುಗಿಸುವ ಕಡ್ಡಿಯೇ ಬಾಗಿತ್ತು. ಕಡ್ಡಿ ನೆಟ್ಟಗೆ ಮಾಡಿ, ಗುಂಡಿಯನ್ನು ಮೊದಲಿನ ಜಾಗಕ್ಕೆ ತಂದೆ.

ಇನ್ನು ನಿಮ್ಮ ಗಾಡಿಯ ಮಾತು. ನಿಮ್ಮ ತಮ್ಮ ಮಾಳು ಸೋಮವಾರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ‘ವೈನಿ, ಅಣ್ಣನ ಗಾಡಿ ನಡುದಾರ್ಯಾಗ ನಿಂದರತೈತಿ. ತಣ್ಣಗಾದ ಮ್ಯಾಲ ಮತ್ತ ಓಡತೈತಿ’ ಅಂದ. ಬ್ಯಾಟರಿ ಬದಲಿಸಿದಿರಂತೆ, ರಿಮೋಟಿಗೆ ಬೈದಿರಂತೆ. ತಪ್ಪು ಎರಡರದೂ ಅಲ್ಲ. ಗಾಲಿಗೆ ಏನು ಹಚ್ಚಿದ್ದಾರೆ ಎಂದು ಕೇಳಿದೆ. ಕೀಲೆಣ್ಣೆ ಅಂದ.

ನಿಮ್ಮ ಮನೆತನ ಚಕ್ಕಡಿ ಹೊಡೆದ ಮನೆತನ. ಗಾಲಿ ಕಂಡಲ್ಲೆಲ್ಲ ನಿಮ್ಮ ಕೈ ಕೀಲೆಣ್ಣೆಯ ಕಡೆಗೇ ಹೋಗುತ್ತದೆ. ಮರದ ಗಾಲಿಗೆ ಅದು ಸರಿ. ಈ ಸಣ್ಣ ಬೇರಿಂಗಿಗೆ ಹಚ್ಚಿದರೆ ಹೊಲದ ಧೂಳೆಲ್ಲ ಅಂಟಿ ಗಟ್ಟಿಯಾಗುತ್ತದೆ, ಮೋಟರ್ ತಿಣುಕುತ್ತದೆ, ಕಾದು ತಾನೇ ನಿಲ್ಲುತ್ತದೆ. ಬೇರಿಂಗ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯಿರಿ. ಪೂರಾ ಒಣಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಸೀಮೆಎಣ್ಣೆ ವೈರಿನ ಹತ್ತಿರ ಹೋಗದಂತೆ ನೋಡಿಕೊಳ್ಳಿ.

ಇದನ್ನು ಪ್ರೀತಿಗೆ ಬರೆದೆನೆಂದು ತಿಳಿಯಬೇಡಿ. ಭಾನುವಾರ ನಾನು ಮುಂದೆ ಹೋದಾಗ, ಅವನ ಗಾಡಿ ಕೆಟ್ಟಿತ್ತು, ಅದಕ್ಕೇ ಗೆದ್ದಳು ಎಂಬ ಮಾತು ನನಗೆ ಬೇಡ.

ಹೋದ ವರ್ಷ ಗೆದ್ದಾಗ ನಿಮ್ಮ ತಲೆಗೆ ಪಟಕಾ ಸುತ್ತಿದರು. ಮರುದಿನ, ಮುಂದಿನ ಸಲ ಹಗ್ಗದೊಳಗೆ ನಾನು ನಿಲ್ಲುತ್ತೇನೆ ಅಂದೆ. ‘ಮನ್ಯಾಗ ನೀ ಹೊಡಿ, ಮಂದ್ಯಾಗ ನಾ ಹೊಡಿತೇನಿ’ ಅಂದಿರಿ. ಆ ಮಾತಿಗೇ ನಾನು ಮನೆ ಬಿಟ್ಟದ್ದು. ಇಷ್ಟು ಸಣ್ಣ ಮಾತಿಗೇ ಎಂದು ನಿಮ್ಮ ಅವ್ವ ಕೇಳಿದರು. ನನಗೆ ಅದು ಆಗಲೂ ಸಣ್ಣದಾಗಿರಲಿಲ್ಲ, ಈಗಲೂ ಅಲ್ಲ.

ಫೋನಿನಲ್ಲಿ ನನ್ನ ಮಾತು ಮುಗಿಯಲು ನೀವು ಬಿಡುವುದಿಲ್ಲ. ಅದಕ್ಕೆ ಈ ಪತ್ರವನ್ನು ಮಾಳು ಕೈಯಲ್ಲಿ ಕಳಿಸುತ್ತಿದ್ದೇನೆ. ಮೈಕಿನಲ್ಲಿ ನನ್ನ ಗಾಡಿಯನ್ನು ನನ್ನ ಹೆಸರಿನಲ್ಲೇ ಕೂಗುತ್ತಾರೆ. ಕಾಕಾ ಒಪ್ಪಿದ್ದಾರೆ.

ಇಂತಿ,
ದ್ರಾಕ್ಷಾಯಿಣಿ

ತಾ.ಕ.: ಹೋದ ವರ್ಷ ನಾನು ಟ್ರ್ಯಾಕ್ಟರ್ ಟ್ರ್ಯಾಲಿಯ ಮೇಲೆ ಹೆಂಗಸರ ನಡುವೆ ಕೂತು, ಸೆರಗಿನೊಳಗೆ ರಿಮೋಟ್ ಹಿಡಿದು ನಿಮ್ಮ ಗಾಡಿ ಹೊಡೆದದ್ದನ್ನು ಯಾರಿಗೂ ಹೇಳಿಲ್ಲ. ಹಗ್ಗದೊಳಗೆ ನಿಮ್ಮ ಕೈಯಲ್ಲಿದ್ದ ರಿಮೋಟಿನಲ್ಲಿ ಸೆಲ್ ಇರಲಿಲ್ಲ ಎಂಬುದನ್ನೂ ಹೇಳಿಲ್ಲ, ಹೇಳುವುದೂ ಇಲ್ಲ. ಈ ಸಲ ಓಟಕ್ಕೆ ಮೊದಲು ಪ್ರತಿಯೊಬ್ಬರೂ ರಿಮೋಟಿನ ಮುಚ್ಚಳ ತೆಗೆದು ಸೆಲ್ ತೋರಿಸಬೇಕು. ಆ ನಿಯಮ ಇಡಿರೆಂದು ಕಮಿಟಿಗೆ ಕೇಳಿಕೊಂಡವಳು ನಾನೇ. ತಪಾಸಣೆ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ.