ಒಂದೂವರೆ ಗಂಟೆಯ ಗುಂಗುರಕ್ಕ

ಏಪ್ರಿಲ್ ೩, ಡಿಪೋ

ಬೆಳಗಿನ ಬಸ್ಸುಗಳೆಲ್ಲ ಹೊರಟವು. ಒಂದು ಮಾತ್ರ ಮಾವನ ಮನೆಗೆ ಬಂದ ಅಳಿಯನಂತೆ ಮೂಲೆಯಲ್ಲಿ ನಿಂತಿತ್ತು. ಇನ್ನೊಂದು ಟ್ರಿಪ್ ತುರುಕಿ ಓಡಿಸಿದೆ. ಬಸ್ಸು ನಿಂತರೆ ನಷ್ಟ — ವೇಳಾಪಟ್ಟಿ ಹಾಕುವವನ ವೇದ ಇದೊಂದೇ.

ಆಮೇಲೆ ಘನಕಾರ್ಯ: ರೈಲು ಪಾಸ್. ಅಕ್ಕನ ಜೊತೆ ವಿದೇಶಯಾತ್ರೆ. ಪಾಸ್ ಕೊಂಡರೆ ಎರಡು ವಾರ ಅಲ್ಲಿನ ಯಾವ ರೈಲನ್ನಾದರೂ ಎಷ್ಟು ಸಲವಾದರೂ ಹತ್ತಬಹುದು. ಆದರೆ ಅಕ್ಕನಿಗೆ ಬೇಕಾದ್ದು ಒಂದೇ ಊರು — ಬಾಲ್ಯದ ಗೆಳತಿ ಗುಂಗುರಕ್ಕನದು. ಕೂದಲಿನಿಂದ ಬಂದ ಹೆಸರು. ಅಷ್ಟಕ್ಕೆ ಬಿಡಿ ಟಿಕೆಟ್ಟೇ ಅಗ್ಗ, ಪಾಸ್ ದಂಡ. ಪಾಸಿನ ಮರ್ಯಾದೆ ಉಳಿಸಬೇಕಲ್ಲ? ಇನ್ನೂ ಆರು ಊರು ಸೇರಿಸಿದೆ. ಈಗ ಭಾರೀ ಲಾಭ! ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಕೈ ಪೂರ್ತಿ ಎಟುಕಲಿಲ್ಲ.

ಏಪ್ರಿಲ್ ೫

ಅಕ್ಕನಿಗೆ ಪಟ್ಟಿ ತೋರಿಸಿದೆ.

"ಇಷ್ಟೊಂದು ಊರು ಯಾಕೋ? ನಾವೇನು ಓಟು ಕೇಳೋಕೆ ಹೋಗ್ತಿದೀವಾ?"

"ಪಾಸ್ ಅಕ್ಕಾ! ಎಷ್ಟು ಹತ್ತಿದ್ರೂ ಅಷ್ಟೇ."

"ಹತ್ತದೇ ಇದ್ರೆ?"

"ನಷ್ಟ."

"ಮತ್ತೆ ಅವಳ ಮನೇಲಿ ಎಷ್ಟು ದಿನ?"

"ದಿನಾನಾ? ಒಂದೂವರೆ ಗಂಟೆ ನಿಲುಗಡೆ ಕೊಟ್ಟಿದೀನಿ. ಬೇರೆ ಊರಿಗೆ ಅಷ್ಟೂ ಇಲ್ಲ."

ಅಕ್ಕ ಕನ್ನಡಕ ಮಡಿಸಿದಳು. "ಸರಿ ಕಣೋ. ನಿನಗೆ ಗೊತ್ತಿರುತ್ತೆ."

ಗೊತ್ತಿರದೆ ಏನು! — ಎಂದುಕೊಂಡೇ ಮಲಗಿದೆ.

ಏಪ್ರಿಲ್ ೬, ಸಂಜೆ

ಅಕ್ಕನಿಗೆ ಟೀ ಒಯ್ದೆ. ಬಾಗಿಲಲ್ಲೇ ನಿಂತೆ. ವಿಡಿಯೋ ಕಾಲ್ ನಡೆದಿತ್ತು. ಹೋದ ವರ್ಷ ಸ್ಟ್ರೋಕ್ ಆದಾಗಿನಿಂದ ಗುಂಗುರಕ್ಕನ ಮಾತು ಬಲು ನಿಧಾನ. ಗೊತ್ತಿತ್ತು. ಕೇಳಿರಲಿಲ್ಲ.

"ಯಾ...ವಾಗ..." ಅಷ್ಟರಲ್ಲಿ ಟೀ ಮೇಲೆ ಕೆನೆ ಕಟ್ಟಿತು. "...ಬರ್ತೀಯೇ?"

ಅಕ್ಕ ನಡುವೆ ಬಾಯಿ ಹಾಕಲೇ ಇಲ್ಲ. ಪೂರ್ತಿ ಕಾದು ಹೇಳಿದಳು: "ಬರ್ತೀನಿ ಕಣೇ. ಸ್ವಲ್ಪ ಹೊತ್ತು ಕೂತು ಹೊರಟುಬಿಡ್ತೀವಿ, ರೈಲಿದೆ. ನೀನು ಮಾತಾಡೋ ಕಷ್ಟ ತಗೋಬೇಡ. ಇಬ್ಬರದ್ದೂ ನಾನೇ ಮಾತಾಡಿಬಿಡ್ತೀನಿ."

"ಬಾ, ಕೂತ್ಕೋ" ಎಂದು ಆ ಹೆಂಗಸು ಹೇಳಿ ಮುಗಿಸುವಷ್ಟರಲ್ಲಿ ನಾನು ಸೀಟಿ ಊದಿರುತ್ತೇನೆ. ಟೀ ಕೊಡದೆ ವಾಪಸ್ ತಂದೆ. ನಾನೇ ಕುಡಿದೆ. 

ಏಪ್ರಿಲ್ ೮

ಪಾಸ್ ಕೊಳ್ಳಲಿಲ್ಲ. ಆರೂ ಊರಿಗೆ ಕೆಂಪು ಗೀಟು. ಅಕ್ಕನ ಮುಂದೆ ತಪ್ಪಾಯ್ತು ಎನ್ನಬೇಕಿತ್ತು. ಒಂದೇ ಮಾತು... ಬಾಯಿ ತೆರೆದರೆ ಹೊರಬಿದ್ದದ್ದೇ ಬೇರೆ.

"ಪಾಸೆಲ್ಲ ಖಾಲಿ ಆಗಿಬಿಟ್ಟಿದೆಯಂತೆ ಅಕ್ಕಾ. ಎರಡೂ ವಾರ ಗುಂಗುರಕ್ಕನ ಮನೇಲೇ ಬಿದ್ದಿರಬೇಕು, ಬೇರೆ ದಾರಿ ಇಲ್ಲ."

"ಅಯ್ಯೋ ಪಾಪ!" ನನ್ನ ತಲೆ ಸವರಿದಳು. "ಎಷ್ಟು ಕಷ್ಟಪಟ್ಟು ಹಾಕಿದ್ದೆ. ಬೇಜಾರು ಮಾಡ್ಕೋಬೇಡ ಕಣೋ."

ತಲೆಯಲ್ಲಿ ಕೂದಲಿಲ್ಲ. ಸವರಿದ್ದು ನೇರ ಮರ್ಯಾದೆಗೇ ತಗುಲಿತು.

ಜೂನ್ ೧, ರೈಲಿನಲ್ಲಿ

ವಿಮಾನ ಇಳಿದು ಗುಂಗುರಕ್ಕನ ಊರಿನ ರೈಲು ಹತ್ತುವ ಮುಂಚೆ, ನಿಲ್ದಾಣದಲ್ಲಿ ಆಳೆತ್ತರದ ಬೋರ್ಡು. ಪಾಸಿನ ಚಿತ್ರ, ಹಲ್ಲು ಕಿರಿವ ದಂಪತಿ. ಪಕ್ಕದ ಕೌಂಟರಿನಲ್ಲಿ ನರಪಿಳ್ಳೆ ಇಲ್ಲ. ಒಳಗಿನವನು ನಮ್ಮನ್ನು ನೋಡಿ ಪಾಸಿನ ಕಟ್ಟನ್ನೇ ಎತ್ತಿ ಆಡಿಸಿದ. ನಾನು ಷೂ ಲೇಸು ಕಟ್ಟಲು ಬಗ್ಗಿದೆ. ಹಾಕಿದ್ದು ಚಪ್ಪಲಿ.

ಅಕ್ಕ ಬೋರ್ಡು ನೋಡಿದಳು. ನನ್ನ ಬೆನ್ನು ನೋಡಿದಳು.

"ಅವೂ ಖಾಲಿ ಆಗಿರ್ತವೆ ಬಿಡೋ. ಏಳು, ರೈಲು ಬಂತು."

ಭೂಮಿ ಬಾಯಿ ಬಿಡಲಿಲ್ಲ. ಕಾಂಕ್ರೀಟಿನ ಪ್ಲಾಟ್‌ಫಾರಂ.

ಜೂನ್ ೪, ಗುಂಗುರಕ್ಕನ ಮನೆ

ಹಿತ್ತಲಾಚೆ ರೈಲುಗಳು ಓಡುತ್ತಿವೆ. ಎಣಿಸುತ್ತಿಲ್ಲ — ಸರಿ, ಬೆಳಿಗ್ಗೆ ಸ್ವಲ್ಪ ಎಣಿಸಿದೆ. ಗೆಳತಿಯರು ಸೋಫಾ ಮೇಲೆ. ನಿನ್ನೆ ಊಟಕ್ಕೆ ಕೂತಾಗ ಶುರುವಾದ ಜೋಕು ಟೀ ಹೊತ್ತಿಗೆ ಮುಗಿಯಿತು. ಅಕ್ಕ ಕೊನೆಯ ತನಕ ಕಾದು, ಬಿದ್ದು ಬಿದ್ದು ನಕ್ಕಳು. ಜೋಕು ನನ್ನ ಮೇಲೆಯೇ. ಪಾಸಿನ ಕಥೆ ಅಕ್ಕ ಹೇಳಿರಬೇಕು...

ಈಗ ಗುಂಗುರಕ್ಕ ನನ್ನತ್ತ ತಿರುಗಿದ್ದಾಳೆ. "ಎ...ಷ್ಟು..." ಎಂದಿದ್ದಾಳೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಉಳಿದದ್ದು ಬರುವ ತನಕ ಗೀಚುತ್ತ ಕೂರುವುದು ಮರ್ಯಾದೆಯಲ್ಲ. ಪೆನ್ನು ಕೆಳಗೆ —