ನಾಲ್ಕು ಬೆರಳು ಮದ್ದು

ಜೂನ್ 7, 2006, ಬುಧವಾರ. ಕ್ರಾನ್‌ಬರ್ನ್, ಮೆಲ್ಬರ್ನ್

ನೆರೆದ ಮಹಾಜನರೇ, ಮುಂದಿನ ಸಾಲಿನ ಹಿರಿಯರೇ, ಹಿಂದೆ ಚಾಪೆ ಹಾಸಿ ಕೂತ ತಾಯಂದಿರೇ, ಮಕ್ಕಳನ್ನು ಮಡಿಲಿಗೆ ಎಳೆದುಕೊಂಡು ಆಲಿಸಬೇಕು. ಇಂದಿನ ಪ್ರಸಂಗ...

ಯಾರೂ ಇಲ್ಲ. ಅಡಿಗೆಮನೆಯ ಟೇಬಲ್, ಕುರ್ಚಿಯ ಮೇಲೆ ಒಣಗುತ್ತಿರುವ ಯೂನಿಫಾರ್ಮ್, ನಾನು. ಡೈರಿ ಬರೆಯಲು ಕೂತರೂ ನನಗೆ ಮೊದಲು ಪರದೆ ಏಳಬೇಕು. ಐವತ್ತಾರಾಯಿತು, ಚಟ ಹೋಗಿಲ್ಲ.

ಡ್ಯೂಟಿ ಎಂದಿನಂತೆ. ಕ್ಲೇಟನ್ ಆಸ್ಪತ್ರೆಯ ಎಕ್ಸ್‌ರೇ ರೂಮು. ಮೊಣಕಾಲುಗಳು, ಒಂದು ಭುಜ, ಸೈಕಲ್‌ನಿಂದ ಬಿದ್ದ ಸ್ಟೂಡೆಂಟ್‌ನ ಮಣಿಕಟ್ಟು. ಅಲ್ಲಿ ನನ್ನ ಪಾತ್ರಕ್ಕೆ ಇರುವ ಮಾತು — ಉಸಿರು ಬಿಗಿಹಿಡಿಯಿರಿ, ಉಸಿರು ಬಿಡಿ. ಅಷ್ಟೇ.

ಸಂಜೆ ಸಿಡ್ನಿಯಿಂದ ಇಂದ್ರೇಶ್ ಫೋನ್. ಹಾಸನದ ಕಡೆಯವನು. ಕ್ಲೇಟನ್‌ನಲ್ಲಿ ಓದುವಾಗ ನಮ್ಮ ಹಿಂದಿನ ರೂಮಿನಲ್ಲಿದ್ದ. ನನ್ನ ಹೆಂಡತಿ ಸುಗುಣಾಳ ಕೈಯ ನೀರುದೋಸೆ ತಿಂದು ಇಲ್ಲೇ ನೆಲೆಸುವ ಪಿಆರ್ ಪಡೆದವನು ಎಂದು ನಾನು ತಮಾಷೆ ಮಾಡುವುದುಂಟು. ಈಗ ಐಟಿ, ಕೆಲ್ಲಿವಿಲ್‌ನಲ್ಲಿ ಮನೆ, ಪ್ರಾರ್ಥನಾ ಎಂಬ ಹೆಂಡತಿ, ಶೂಟಿಂಗ್ ಲೈಸೆನ್ಸ್. ಜಿಂಕೆ ಬೇಟೆಗೆ ರೈಫಲ್ ಇದೆ. ಹೊಸ ಹುಚ್ಚು — ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಮಾದರಿಯ ಕೋವಿ. ಮಝಲ್‌ಲೋಡರ್ ಅನ್ನುತ್ತಾನೆ. ಅಂಗಡಿಯಲ್ಲಿ ಎರಡು ನೋಡಿದ್ದಾನಂತೆ. ಒಂದು ಮಾಮೂಲಿ, ಕರಿಮದ್ದಿನದು. ಇನ್ನೊಂದು ಅಮೆರಿಕದ್ದು, ಸ್ಮೋಕ್‌ಲೆಸ್ ಮದ್ದು ಹಾಕಬಹುದಾದದ್ದು. ಹೊಗೆಯಿಲ್ಲ, ತೊಳೆಯುವ ಕಾಟವಿಲ್ಲ. ಬೆಲೆ ಮೂರು ಪಟ್ಟು.

“ಅಷ್ಟು ದುಡ್ಡು ಕೊಡೋದು ವರ್ತ್ ಅನ್ಸುತ್ತಾ ಅಂಕಲ್? ಅಷ್ಟು ಬೇಟೆ ಕತೆ ಹೇಳೋ ನಿಮ್ಮನ್ನ ಬಿಟ್ರೆ ಯಾರನ್ನ ಕೇಳ್ಲಿ,” ಅಂದ.

ಲಾಂಗ್ ವೀಕೆಂಡಿಗೆ ಬರುತ್ತಿದ್ದೇವಲ್ಲ, ಎದುರೇ ಹೇಳುತ್ತೇನೆ ಎಂದೆ. ಎದೆ ಒಂದಿಷ್ಟು ಉಬ್ಬಿತು. ಬರೆಯಲು ನಾಚಿಕೆ, ಆದರೂ ಉಬ್ಬಿತು.

ಜೂನ್ 11, ಭಾನುವಾರ. ಕೆಲ್ಲಿವಿಲ್

ಊಟದ ನಂತರ ಗ್ಯಾರೇಜ್. ಎರಡೂ ಕಾರು ಹೊರಗೆ ನಿಲ್ಲಿಸಿ ಕುರ್ಚಿ ಹಾಕಿದ್ದರು. ಇಂದ್ರೇಶ್, ಪ್ರಾರ್ಥನಾ, ಇಂದ್ರೇಶನ ಜತೆ ಬೇಟೆಗೆ ಹೋಗುವ ಮೂರ್ತಿ, ಅಕ್ಕಪಕ್ಕದ ಮನೆಯವರು ಕೆಲವರು. ಜನ ಸೇರಿದರೆ ನನ್ನ ಗಂಟಲು ತಾನಾಗಿ ಅಗಲವಾಗುತ್ತದೆ.

ಪೊರಕೆಯ ಕೋಲು ಕೋವಿಯಾಯಿತು. ಹೊಗೆಯಿಲ್ಲದ ಕೋವಿ ಎಂದರೆ ಚೆಂಡೆಯಿಲ್ಲದೆ ರಾಜನ ಪ್ರವೇಶ ಎಂದೆ. ಗುಂಡು ಹಾರಬೇಕು, ಹೊಗೆ ಏಳಬೇಕು, ಹೊಗೆ ಸರಿದ ಮೇಲೆ ಹಂದಿ ಬಿದ್ದಿದೆಯೋ ಎದ್ದು ಬರುತ್ತಿದೆಯೋ ಎಂದು ಜೀವ ಬಾಯಿಗೆ ಬರಬೇಕು — ಅದಕ್ಕಲ್ಲವೇ ಈ ಕೋವಿ? ಬೇಗ ಬೇಗ ಹೊಡೆಯಬೇಕಾದರೆ ನಿನ್ನ ರೈಫಲ್ ಇದೆಯಲ್ಲ. ಮೂರು ಪಟ್ಟು ಕೊಟ್ಟು ಮಜಾ ಕಳೆದುಕೊಳ್ಳುವುದೇ? ಎಲ್ಲರೂ ನಕ್ಕರು. ಪ್ರಾರ್ಥನಾ ಎಲ್ಲರಿಗಿಂತ ಜೋರಾಗಿ. ಅವಳಿಗೆ ಮನೆಸಾಲದ ಮಾರ್ಟ್‌ಗೇಜ್ ನೆನಪು.

ಮಾಮೂಲಿ ಕೋವಿಗೆ ಸ್ಮೋಕ್‌ಲೆಸ್ ಹಾಕಲೇಬಾರದು ಎಂದು ಪುಸ್ತಿಕೆಯಲ್ಲಿ ಬರೆದಿದೆಯಂತಲ್ಲ ಎಂದ ಮೂರ್ತಿ. ದುಬಾರಿಯದನ್ನು ಮಾರಲು ಕಂಪನಿಯವರು ಹಾಗೆ ಬರೆಯುತ್ತಾರೆ ಮಾರಾಯ, ಎಂದೆ. ಚಪ್ಪಾಳೆ.

ಹಾಗಾದರೆ ಹಿಂದೆ ಮದ್ದಿನ ಅಳತೆ ಹೇಗೆ ಎಂದು ಕೇಳಿದರು. ಕತೆಯೊಳಗೆ ನನ್ನ ಅಜ್ಜನನ್ನು ಕರೆತಂದೆ. ಮದ್ದು ಸುರಿದು, ಗುಂಡು ಜಡಿದು, ಗಜ ಎಂಬ ಜಡಿಯುವ ಸಲಾಕೆಯನ್ನು ನಳಿಗೆಗೆ ಇಳಿಸಿ, ಬಾಯಿಂದ ಮೇಲೆ ಎಷ್ಟು ಬೆರಳು ನಿಲ್ಲುತ್ತದೆ ನೋಡುವುದು. “ನಾಲ್ಕು ಬೆರಳು ಮದ್ದು! ಐದಾದರೆ ಹೊಡೆದವನಿಗೇ ಏಟು, ಮೂರಾದರೆ ಹಂದಿಗೆ ನಗು!”

ಇಂದ್ರೇಶ್ ಎದ್ದು ನನ್ನ ಕಾಲು ಮುಟ್ಟಿದ. ತಮಾಷೆಗೆ. ಪೂರ್ತಿ ತಮಾಷೆಗಲ್ಲ.

ಜೂನ್ 13, ಮಂಗಳವಾರ

ನಿನ್ನೆ ಡ್ರೈವ್ ಮಾಡಿಕೊಂಡು ಬಂದೆವು. ಅರ್ಧ ದಾರಿಯ ಆಲ್ಬರಿ ದಾಟಿತು. ಆಮೇಲೆ ಸುಗುಣಾ, ಕಿಟಕಿ ಕಡೆಗೇ ಮುಖ ಮಾಡಿಕೊಂಡು —

“ಅಲ್ಲ, ನಿಮ್ಮ ಅಜ್ಜನಿಗೆ ಕೋವಿ ಯಾವಾಗ ಬಂದದ್ದು?”

ಅವಳಿಗೆ ಗೊತ್ತು. ಅಜ್ಜನದು ಕಾರ್ಕಳದಲ್ಲಿ ಬಟ್ಟೆ ಅಂಗಡಿ. ಅವರು ಹಿಡಿದ ಆಯುಧ ಕತ್ತರಿ. ಕೋವಿ ಹಿಡಿದವನು ನಾನು — ಕಾಲೇಜಿನ ನಾಟಕದಲ್ಲಿ, ಬೇಟೆಗಾರನ ಪಾತ್ರ. ಹಲಸಿನ ಹಲಗೆಯ ಕೋವಿ. ನಾನು ಕೋವಿಯ ಕುದುರೆ ಎಳೆದಾಗ ಸೈಡ್ ವಿಂಗಿನಲ್ಲಿ ಒಬ್ಬ ಗರ್ನಾಲು ಪಟಾಕಿಗೆ ಬೆಂಕಿ ಕೊಡುತ್ತಿದ್ದ. ‘ನಾಲ್ಕು ಬೆರಳು ಮದ್ದು’ ಆ ಪಾತ್ರದ ಡೈಲಾಗು. ಪ್ರತಿ ಸಲ ಶಿಳ್ಳೆ ಬೀಳುತ್ತಿತ್ತು. ಬರೆದವರಿಗೆ ಕೋವಿಯ ವಿಷಯ ತಿಳಿದಿತ್ತೋ ಇಲ್ಲವೋ, ನಾನು ಕೇಳಿದವನಲ್ಲ.

ಯಾರಿಗೇನು ನಷ್ಟ? ಇಂದ್ರೇಶನಿಗೆ ಹಣ ಉಳಿಯಿತು.

ಜುಲೈ 4, ಮಂಗಳವಾರ

ಇಂದ್ರೇಶ್ ಮಾಮೂಲಿ ಕೋವಿ ಕೊಂಡು ಕರಿಮದ್ದು ಹಾರಿಸಿದ್ದಾನೆ. ಹೊಗೆ ಭರ್ಜರಿ, ಖುಷಿಯೋ ಖುಷಿ. ಆದರೆ ಅದೇ ದಿನ ಬಿಸಿನೀರು ಹಾಕಿ ತೊಳೆಯದಿದ್ದರೆ ನಳಿಗೆ ತುಕ್ಕು. ಬಾತ್‌ಟಬ್ಬಿನಲ್ಲಿ ತೊಳೆದನಂತೆ, ಮನೆಯೆಲ್ಲ ಕೊಳೆತ ಮೊಟ್ಟೆಯ ನಾತ. ಪ್ರಾರ್ಥನಾ ಗರಂ.

“ರೈಫಲ್ ತೋಟಾ ತುಂಬಕ್ಕೆ ಅಂತ ಸ್ಮೋಕ್‌ಲೆಸ್ ಡಬ್ಬಿ ಇಟ್ಟಿದೀನಿ ಅಂಕಲ್. ಅದನ್ನೇ ಇದಕ್ಕೆ ಹಾಕಿದ್ರೆ? ಕಂಪನಿಯವ್ರು ಬೇಡ ಅಂತಾರೆ, ನೀವು ಅದೆಲ್ಲ ಬೊಗಳೆ ಅಂದ್ರಿ. ನಿಮ್ಮಜ್ಜನ ಲೆಕ್ಕ ಇದಕ್ಕೂ ನಡಿಯುತ್ತಾ?”

ನನಗೆ ಗೊತ್ತಿಲ್ಲ. ಇದನ್ನು ಇಲ್ಲಿ ಬರೆಯುವುದು ಎಷ್ಟು ಸುಲಭ.

ಅವನಿಗೆ ಹೇಳಿದ್ದು: “ಮದ್ದು ಮದ್ದೇ ಇಂದ್ರೇಶ. ನಾಲ್ಕು ಬೆರಳು. ಗಜ ಸುಳ್ಳು ಹೇಳುವುದಿಲ್ಲ.”

ಅವನು ನಕ್ಕು ಥ್ಯಾಂಕ್ಸ್ ಹೇಳಿದ. ಫೋನ್ ಇಟ್ಟೆ. ತಿರುಗಿ ಮಾಡೋಣವೆಂದು ರಿಸೀವರ್ ಎತ್ತಿದೆ. ಏನೆಂದು ಹೇಳುವುದು? ಇಟ್ಟೆ.

ಜುಲೈ 16, ಭಾನುವಾರ

ಪ್ರಾರ್ಥನಾ ಫೋನ್. ಇಂದ್ರೇಶನ ಕೋವಿಯ ನಳಿಗೆ ಸಿಡಿದಿದೆ. ಎಡಗೈ. ಆಪರೇಷನ್ ನಡೆಯುತ್ತಿದೆ. ಕಣ್ಣಿಗೆ ಕನ್ನಡಕ ಇತ್ತು, ಉಳಿಯಿತು.

ಬರೆಯಲಾಗುವುದಿಲ್ಲ.

ಜುಲೈ 19, ಬುಧವಾರ

ಅವಳು ಎಕ್ಸ್‌ರೇಯ ಫೋಟೋ ಇಮೇಲ್ ಮಾಡಿದ್ದಾಳೆ. ‘ಅಂಕಲ್, ಡಾಕ್ಟರ್ ಸುತ್ತಿ ಬಳಸಿ ಮಾತಾಡುತ್ತಾರೆ. ನೀವು ದಿನಾ ನೋಡುವವರು, ನೇರವಾಗಿ ಹೇಳಿ.’

ನೋಡಿದೆ. ಇದನ್ನು ಓದಲು ನನಗೆ ಅಜ್ಜ ಬೇಡ. ಹೆಬ್ಬೆರಳಿನ ಬುಡದ ಕೀಲು ಪುಡಿ. ತೋರುಬೆರಳು ನಡುಗಂಟಿನಿಂದ ಮೇಲೆ ಇಲ್ಲ. ಮಧ್ಯದ ಬೆರಳಿಗೆ ತಂತಿ ಹಾಕಿದ್ದಾರೆ, ಅದು ಕೂಡೀತು. ಹೆಬ್ಬೆರಳು ಇನ್ನು ಮಡಚುವುದಿಲ್ಲ.

ಅಷ್ಟನ್ನೇ ಬರೆದು ಕಳಿಸಿದೆ. ಒಂದು ವಿಶೇಷಣ ಸೇರಿಸಲಿಲ್ಲ. ನಿಜವಾಗಿ ತಿಳಿದದ್ದನ್ನು ಹೇಳುವಾಗ ನನ್ನ ಸ್ವರ ಇಷ್ಟು ಸಣ್ಣದಾ? ಈತನಕ ಗಮನಿಸಿರಲಿಲ್ಲ.

ಲಂಚ್ ಟೈಮಿನಲ್ಲಿ ನೆಟ್ ನೋಡಿದೆ. ಹೊಗೆಯಿಲ್ಲದ ಮದ್ದು ನಳಿಗೆಯೊಳಗೆ ಹುಟ್ಟಿಸುವ ಒತ್ತಡ ಹಲವು ಪಟ್ಟು ಹೆಚ್ಚು. ಮಾಮೂಲಿ ಕೋವಿ ಅದನ್ನು ತಡೆಯುವುದಿಲ್ಲ, ಮೂರು ಬೆರಳಿರಲಿ, ಎರಡಿರಲಿ. ದುಬಾರಿ ಕೋವಿಯಲ್ಲಿ ಹಣ ಕೊಡುವುದು ಆ ಉಕ್ಕಿಗೆ. ಹೊಗೆಯನ್ನು ಪ್ರೀತಿಸುವವನಿಗೆ, ತೊಳೆಯಲು ಬೇಸರಿಸದವನಿಗೆ, ಅಗ್ಗದ್ದೇ ಸಾಕು; ಗ್ಯಾರೇಜಿನಲ್ಲಿ ಹೇಳಿದ ಅಷ್ಟು ಮಾತು ಸರಿ. ಸ್ಮೋಕ್‌ಲೆಸ್ ಮದ್ದೇ ಬೇಕೆಂಬವನಿಗೆ ಮೂರು ಪಟ್ಟು ಬೆಲೆ ಹೆಚ್ಚೇ ಅಲ್ಲ. ಎರಡನೆಯದನ್ನು ನಾನು ತಿಳಿದುಕೊಂಡಿರಲಿಲ್ಲ. ತಿಳಿದಿಲ್ಲ ಎಂದೂ ಅನ್ನಲಿಲ್ಲ.

ಆಗಸ್ಟ್ 5, ಶನಿವಾರ

ಇಷ್ಟು ದಿನ ಬರೆದಿಲ್ಲ. ಸಿಡ್ನಿಗೂ ಹೋಗಿಲ್ಲ. ಲೀವ್ ಸಿಗಲಿಲ್ಲ ಎಂದು ಹೇಳಿದೆ. ಲೀವ್ ಕೇಳಿಯೇ ಇರಲಿಲ್ಲ.

ಇವತ್ತು ಇಂದ್ರೇಶನೇ ಫೋನ್ ಮಾಡಿದ. ಸ್ವರ ಇಳಿದಿದೆ, ನಗು ಹಾಗೇ ಇದೆ. ಪೊಲೀಸರು ಬಂದು ಕೋವಿ, ರೈಫಲ್, ಲೈಸೆನ್ಸ್ ಎಲ್ಲ ತೆಗೆದುಕೊಂಡು ಹೋದರಂತೆ. ಯಾರು ಹೇಳಿಕೊಟ್ಟರು ಎಂದು ಕೇಳಿದರಂತೆ. ತನ್ನದೇ ಬುದ್ಧಿ ಎಂದನಂತೆ.

“ನಿಮ್ಮಜ್ಜನ ಲೆಕ್ಕ ಸರಿನೇ ಇತ್ತು ಅಂಕಲ್. ನನ್ನ ಬೆರಳು ದಪ್ಪ. ನನ್ನ ನಾಲ್ಕು ಅವರ ಐದಾಗಿರುತ್ತೆ.”

ನಾನೂ ನಕ್ಕೆ. ದೇವರೇ, ನಕ್ಕೆ.

ಆಮೇಲೆ ಪ್ರಾರ್ಥನಾ ಫೋನ್ ತೆಗೆದುಕೊಂಡಳು. ಅವಳ ಬೈಗಳೆಲ್ಲ ಗಂಡನಿಗೆ. ಬಟನ್ ಹಾಕಿಕೊಳ್ಳಲೂ ಅವಳೇ ಬೇಕು, ಆ ಸಿಟ್ಟು. “ನೀವು ಸರಿಯಾಗೇ ಹೇಳಿರ್ತೀರಿ ಅಂಕಲ್. ಇವ್ರು ಯಾವತ್ತು ಯಾರ ಮಾತು ಪೂರ್ತಿ ಕೇಳಿದಾರೆ?”

ಹಿಂದಿನಿಂದ ಇಂದ್ರೇಶ್, ಹೌದು ಕಣೆ, ತಪ್ಪು ನಂದೇ, ಅನ್ನುತ್ತಿದ್ದ.

ನಾನು — ಹೂಂ, ಅಂದೆ.

ಸುಗುಣಾ ಸೊಪ್ಪು ಬಿಡಿಸುತ್ತಿದ್ದವಳು ತಟ್ಟೆ ಎತ್ತಿಕೊಂಡು ಹೊರಗೆ ಹೋದಳು.

ಆಗಸ್ಟ್ 10, ಗುರುವಾರ, ಸಂಜೆ

ಮೂರ್ತಿಯ ಫೋನ್. ಅವನೂ ಅದೇ ಅಂಗಡಿಯಿಂದ ಅದೇ ಮಾಮೂಲಿ ಕೋವಿ ಕೊಂಡಿದ್ದಾನೆ. ಭಾನುವಾರ ಬಾಥರ್ಸ್ಟ್ ಹತ್ತಿರ ಒಬ್ಬರ ಫಾರ್ಮಿಗೆ ಹೋಗುತ್ತಾನಂತೆ. ಸ್ಮೋಕ್‌ಲೆಸ್ ಡಬ್ಬಿ ಅವನ ಬಳಿಯೂ ಇದೆ. ಇಂದ್ರೇಶನ ಬೆರಳಿನ ಕತೆ ಕೇಳಿದ್ದಾನೆ. “ನಾನು ಸೇಫ್ಟಿಗೆ ಮೂರೇ ಹಾಕ್ತೀನಿ ಅಂಕಲ್. ಆಶೀರ್ವಾದ ಮಾಡಿ.”

ಬೇಡ ಎಂದೆ. ಪುಸ್ತಿಕೆಯಲ್ಲಿ ಬರೆದದ್ದು ನಿಜ, ಒಂದು ಬೆರಳೂ ಬೇಡ, ಕರಿಮದ್ದು ಮಾತ್ರ. ಕಂಪನಿಯವರು ಮಾರಾಟಕ್ಕೆ ಬರೆಯೋದು ಅಂತ ನೀವೇ ಹೇಳಿದ್ದಲ್ಲವಾ ಎಂದ. ಇಂದ್ರೇಶನ ಕೈ ನೋಡಿ ನಿಮಗೆ ಹೆದರಿಕೆ ಹತ್ತಿದೆ, ನಿಮ್ಮಜ್ಜ ಇದ್ದಿದ್ದರೆ ಹೀಗೆ ಹೇಳುತ್ತಿರಲಿಲ್ಲ ಎಂದ.

ಆಗ ಹೇಳಿದೆ. ಅಜ್ಜನಿಗೆ ಕೋವಿಯೇ ಇರಲಿಲ್ಲ, ಮೂರ್ತಿ. ನಾನು ಜೀವಮಾನದಲ್ಲಿ ಒಂದು ಗುಂಡು ಹಾರಿಸಿಲ್ಲ. ಅದು ನಾಟಕದ ಮಾತು. ಇಂದ್ರೇಶನ ಕೈ ಕಳೆದವನು ನಾನು.

ಹೇಳುತ್ತಾ ಹೇಳುತ್ತಾ — ಇದನ್ನು ಬರೆಯಲೇಬೇಕು — ಸ್ವರ ಏರಿತು. ‘ಕಳೆದವನು’ ಎಂಬಲ್ಲಿ ತಾನಾಗಿ ಒಂದು ನಡುಕ ಬಂತು. ‘ನಾನು’ ಎಂಬುದರ ಮೊದಲು ಒಂದು ನಿಲುಗಡೆ. ಎಡಗೈ ಎದೆಯ ಮೇಲಿತ್ತು. ಮನೆಯ ಹಾಲ್‌ನಲ್ಲಿ ನಿಂತಿದ್ದೆ, ಬೆಳಕಿನ ಕೆಳಗೆ.

ಆ ಕಡೆಯಿಂದ ಚಪ್ಪಾಳೆ. ಸ್ಪೀಕರ್‌ನಲ್ಲಿ ಹಾಕಿದ್ದ, ಅವನ ಹೆಂಡತಿಯೂ ಕೇಳುತ್ತಿದ್ದಳು. “ಮೈ ಜುಂ ಅಂತು ಅಂಕಲ್. ದೀಪಾವಳಿ ಪ್ರೋಗ್ರಾಮಿಗೆ ಇದನ್ನೇ ಮಾಡಿ,” ಅಂದ. ನಗುತ್ತಾ ಇಟ್ಟ.

ತಿರುಗಿ ಮಾಡಿದೆ. ಎತ್ತಲಿಲ್ಲ.

ಸುಗುಣಾ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿದ್ದಾಳೆ. “ಅವರಾದರೂ ಎಂತ ಮಾಡುವುದು? ಸುಳ್ಳು ಹೇಳುವಾಗಲೂ ಇದೇ ಸ್ವರ, ಸತ್ಯಕ್ಕೂ ಇದೇ. ನನಗೇ ಚೂರು ಕಣ್ಣೀರು ಬಂತು, ಆಮೇಲೆ ಸಿಟ್ಟು ಬಂತು.”

ಫೋನಿನಲ್ಲಿ ಆಗುವುದಿಲ್ಲ, ಹೋಗಿ ಎದುರು ಕೂತು ಹೇಳಿ, ಎಂದಳು.

ಆಗಸ್ಟ್ 11, ಶುಕ್ರವಾರ, ಸಂಜೆ

ಟಿಕೆಟ್ ಬುಕ್ ಮಾಡಿದ್ದು ಅವಳೇ. ಇಂದ್ರೇಶನಿಗೆ ಫೋನ್ ಮಾಡಿ ನಾಳೆ ತಿಂಡಿಗೆ ಮೂರ್ತಿಯನ್ನು ಹೆಂಡತಿ ಸಮೇತ ಮನೆಗೆ ಕರೆಸಲು ಹೇಳಿದ್ದೂ ಅವಳೇ. ಯಾಕೆ ಆಂಟಿ ಎಂದು ಕೇಳಿದನಂತೆ. ನಿನ್ನ ಅಂಕಲ್‌ಗೆ ಒಂದು ಮಾತು ಹೇಳಲಿಕ್ಕುಂಟು ಎಂದಳಂತೆ. ಓ, ಕತೆನಾ, ಎಂದು ಖುಷಿಪಟ್ಟನಂತೆ.

ಡ್ಯೂಟಿಯಿಂದ ಬರುವಾಗ ಕಾರಿನಲ್ಲಿ ಹೇಳಿ ನೋಡಿದೆ. ಮೊದಲ ವಾಕ್ಯಕ್ಕೇ ಪ್ರಾಸ ಬಂತು. ಅಲ್ಲಿಗೇ ಬಿಟ್ಟು ಮತ್ತೆ ಶುರು ಮಾಡಿದೆ. ಬಾತ್‌ರೂಮಿನಲ್ಲಿ ಕನ್ನಡಿಗೆ ಟವೆಲ್ ಮುಚ್ಚಿ ಹೇಳಿದೆ. ಪರವಾಗಿಲ್ಲ ಅನ್ನಿಸಿತು. ಪರವಾಗಿಲ್ಲ ಅನ್ನಿಸಿದ್ದೇ ಸಾಕ್ಷಿ, ಅದೂ ಆ್ಯಕ್ಟಿಂಗೇ. ಆಮೇಲೆ ಸುಗುಣಾಳ ಮುಂದೆ. ಅವಳು ಬಟ್ಟೆ ಮಡಚುತ್ತಾ ಕೇಳಿದಳು, ತಲೆ ಎತ್ತಲಿಲ್ಲ. ಮುಗಿದ ಮೇಲೆ, ಪ್ರಾರ್ಥನಾ ಬಾಗಿಲಿನಿಂದ ಆಚೆ ಹೋಗಿ ಎನ್ನಬಹುದು, ತಯಾರಾಗಿ ಹೋಗಿ, ಎಂದಳು. ಹೌದು. ಅನ್ನಬೇಕು ಕೂಡ.

ನಂಬದಿದ್ದರೆ? ಮೂರ್ತಿ ಮತ್ತೆ ಕೈ ತಟ್ಟಿದರೆ? ಆಗ ಆ ಫಾರ್ಮಿಗೆ ಅವನ ಕಾರಿನ ಹಿಂದೆಯೇ ಹೋಗುತ್ತೇನೆ, ಡಬ್ಬಿ ಕಿತ್ತುಕೊಳ್ಳುತ್ತೇನೆ, ಪೊಲೀಸಿಗೆ ಹೇಳುತ್ತೇನೆ...

ಬೇಡ. ಮತ್ತೆ ಸೀನ್ ಕಟ್ಟುತ್ತಿದ್ದೇನೆ.

ನಾಳೆ ಬೆಳಿಗ್ಗೆ ಮೊದಲ ಫ್ಲೈಟ್. ಕೆಲ್ಲಿವಿಲ್‌ಗೆ ಟ್ಯಾಕ್ಸಿ. ಬಾಗಿಲು ತೆಗೆಯುವವನು ಇಂದ್ರೇಶನೇ, ಬಲಗೈಯಿಂದ. ಕಾಫಿ ಕುಡಿಯುವುದಿಲ್ಲ, ನಿಲ್ಲುವುದಿಲ್ಲ, ಕುರ್ಚಿಯಲ್ಲಿ ಕೂತು, ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು, ಮೊದಲು ಪ್ರಾರ್ಥನಾಳ ಮುಖ ನೋಡಿ, ಉಸಿರು ಬಿಟ್ಟು, ಹೇಳುತ್ತೇನೆ, ನೋಡಮ್ಮ, ನಿನ್ನ ಗಂಡ ನನ್ನ ಮಾತನ್ನು ಪೂರ್ತಿ ಕೇಳಿದ್ದ, ಅದಕ್ಕೇ —