ಬಸ್ಸಿನಿಂದ ಓದಿಸಿಕೊಳ್ಳುವ ಅಕ್ಷರ

ನಂಜನಗೂಡು
೧೮-೧೧-೨೦೨೫, ಮಂಗಳವಾರ

ಪ್ರೀತಿಯ ಪವಿ,

ನೀನು, ದೀಪಕ್ ಇಬ್ಬರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಹುಬ್ಬಳ್ಳಿಯ ಈ ವಿಳಾಸ ಕೊಟ್ಟದ್ದು ನಿನ್ನ ಗೆಳತಿ ಇಂದ್ರಾಣಿ. ಫೋನ್ ನಂಬರ್ ಮಾತ್ರ ನಿನ್ನನ್ನು ಕೇಳದೆ ಕೊಡುವುದಿಲ್ಲ ಎಂದಳು. ಮಗುವಿಗೆ ಹಲ್ಲು ಬಂದಿದೆ ಎಂದೂ ಹೇಳಿದಳು. ಹೆಣ್ಣೋ ಗಂಡೋ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಇಲ್ಲಿ ಅಪ್ಪನ ಮಂಡಿನೋವು ಹಾಗೇ ಇದೆ. ಪೇಪರ್ ಹತ್ತು ನಿಮಿಷ ತಡವಾದರೆ ಈಗಲೂ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾರೆ. ಕಾಗದ ಬರೆಯುತ್ತಿರುವುದು ಅಮ್ಮನ ವಿಷಯಕ್ಕೆ. ಇಂದ್ರಾಣಿಯ ಮೂಲಕ ಹೇಳಿಕಳಿಸುವ ಮಾತಲ್ಲ ಇದು.

ನಾನು ಮಾಡಿದ ದಪ್ಪಕ್ಷರದ ಫಾಂಟ್ ನಿನಗೆ ನೆನಪಿರಬಹುದು. ಅಪ್ಪನ ಪೇಪರಿನ ತಲೆಬರಹಗಳನ್ನು ಸ್ಲೇಟಿನ ಮೇಲೆ ತಿದ್ದುತ್ತಿದ್ದವನು, ಫ್ಲೆಕ್ಸ್ ಅಂಗಡಿ ಹಾಕಿದ ಮೇಲೆ ಕಂಪ್ಯೂಟರಿನಲ್ಲಿ ಎರಡು ವರ್ಷ ತಿದ್ದಿದೆ. ಫ್ಲೆಕ್ಸ್ ಹಾಕಿಸುವವರ ಕಷ್ಟ ಒಂದೇ: ಹೆಸರು ಉದ್ದ, ಜಾಗ ಕಡಿಮೆ. ಅಕ್ಷರವನ್ನು ಸುಮ್ಮನೆ ಎರಡೂ ಕಡೆಯಿಂದ ಅದುಮಿದರೆ ಪ, ವ, ಷಗಳ ಹೊಟ್ಟೆ ಮುಚ್ಚಿಹೋಗಿ ದೂರಕ್ಕೆ ಎಲ್ಲವೂ ಕರಿ ಇಟ್ಟಿಗೆಯ ಹಾಗೆ ಕಾಣುತ್ತವೆ. ಒತ್ತಕ್ಷರ ಕೆಳಗಿನ ಸಾಲಿಗೆ ತಗಲುತ್ತದೆ. ನಾನು ಅಕ್ಷರವನ್ನು ಸಪೂರ ಮಾಡಿ ಎತ್ತರಿಸಿದೆ, ಒಳಗಿನ ಬಿಳಿ ಜಾಗ ಉಳಿಸಿದೆ, ಒತ್ತುಗಳನ್ನು ಗಿಡ್ಡ ಮಾಡಿ ಮೇಲಕ್ಕೆ ತಂದೆ. ಓಡುವ ಬಸ್ಸಿನಿಂದಲೂ ಓದಿಸಿಕೊಳ್ಳಬೇಕು ಎಂಬುದೇ ನನ್ನ ಅಳತೆಯಾಗಿತ್ತು. ಈಗ ಇಲ್ಲಿಂದ ಸುತ್ತೂರು, ತಿ. ನರಸೀಪುರದವರೆಗೆ ಅದೇ ಅಕ್ಷರ. ಹುಟ್ಟುಹಬ್ಬಕ್ಕೂ ಅದೇ, ಚುನಾವಣೆಗೂ ಅದೇ, ಟ್ಯೂಷನ್ನಿಗೂ ಶ್ರದ್ಧಾಂಜಲಿಗೂ ಅದೇ. ಬಣ್ಣ ಮಾತ್ರ ಬೇರೆ. ‘ತ್ರ’ ತಿದ್ದುವಾಗ ಪವಿತ್ರ ಎಂಬ ನಿನ್ನ ಹೆಸರನ್ನೇ ಎದುರಿಗಿಟ್ಟುಕೊಂಡಿದ್ದೆ. ಹಾಗಾಗಿ ಯಾವ ಮಿತ್ರ ಬಳಗದ ಬ್ಯಾನರ್ ಕಂಡರೂ ಅದರೊಳಗಿಂದ ನೀನು ನೋಡಿದ ಹಾಗಾಗುತ್ತದೆ. ದೀಪಕ್ ಜೊತೆ ನೀನು ಹೋದ ಮೇಲಿನ ಈ ನಾಲ್ಕು ವರ್ಷ ಆ ರಸ್ತೆಯಲ್ಲಿ ನಾನು ಬೋರ್ಡು ನೋಡದೆ ಬೈಕ್ ಓಡಿಸುವುದನ್ನು ಕಲಿತಿದ್ದೇನೆ.

ಕಳೆದ ಗುರುವಾರ ಅಮ್ಮ ಮುತ್ತಮ್ಮ ಚಿಕ್ಕಮ್ಮನನ್ನು ನೋಡಲು ತಿ. ನರಸೀಪುರಕ್ಕೆ ಹೋದಳು. ಬಸ್ಸು ಸ್ಟ್ಯಾಂಡಿಗೆ ತಿರುಗುವಾಗ ಒಂದು ಬ್ಯಾನರ್ ಕಂಡಿತಂತೆ. ‘ಭಾವಪೂರ್ಣ ಶ್ರದ್ಧಾಂಜಲಿ. ಪವಿತ್ರ ಬಸವಯ್ಯ, ನಂಜನಗೂಡು.’ ಫೋಟೊ ಇದ್ದ ಕಡೆಗೆ ಮರದ ಕೊಂಬೆ ಅಡ್ಡ. ಇಳಿದು ಹತ್ತಿರ ಹೋಗಿ ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ಚಿಕ್ಕಮ್ಮನ ಮನೆಗೂ ಹೋಗದೆ ಅದೇ ಬಸ್ಸಿನಲ್ಲಿ ವಾಪಸು ಬಂದಳು.

ಶುಕ್ರವಾರ ನಾನು ಹೋಗಿ ವಿಚಾರಿಸಿದೆ. ಅದು ಸೋಮನಾಥಪುರದ ಕಡೆಯ ರಾಚಮ್ಮ ಎಂಬ ಎಂಬತ್ತೊಂದು ವರ್ಷದ ಅಜ್ಜಿಯ ಬ್ಯಾನರ್. ಹಾಕಿದವನು ಅಲ್ಲಿಯ ಫ್ಲೆಕ್ಸ್ ಅಂಗಡಿಯ ಚಾಮಯ್ಯ. ಹಿಂದೆ ಅವನಿಗೆ ಫಾಂಟ್ ಕೊಡುವಾಗ ಇಡೀ ಫೋಲ್ಡರನ್ನೇ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದೆ. ಅದರಲ್ಲಿ ಮಾದರಿಗೆಂದು ನಿನ್ನ ಹೆಸರಿನ ಒಂದು ಶ್ರದ್ಧಾಂಜಲಿ ಇತ್ತು. ಅವನು ಅಜ್ಜಿಯ ಫೋಟೊ, ತಾರೀಖು ಬದಲಾಯಿಸಿ ಹೆಸರು ಬದಲಾಯಿಸುವುದನ್ನು ಮರೆತಿದ್ದಾನೆ. ಅಜ್ಜಿಯ ಮನೆಯವರು ಸುರುಳಿ ಸುತ್ತಿಕೊಟ್ಟಿದ್ದ ಬ್ಯಾನರನ್ನು ಬೆಳಗಾಗುವ ಮೊದಲೇ ಕತ್ತಲಲ್ಲಿ ಕಟ್ಟಿಹೋಗಿದ್ದಾರೆ. ಮಧ್ಯಾಹ್ನ ಯಾರೋ ಹೇಳಿದ ಮೇಲೆ ಬಿಚ್ಚಿಸಿ ಬೇರೆ ಹಾಕಿಸಿದ್ದಾರೆ. ಚಾಮಯ್ಯ ನನಗೆ ಟೀ ತರಿಸಿ, “ತಪ್ಪಾಯ್ತು ಸಾ. ಆದ್ರೂ ನಿಮ್ ಅಕ್ಸರ ನೋಡಿ, ಆ ಮೂಲೆಯಿಂದ್ಲೂ ಎಂಗ್ ಎದ್ ಕಾಣ್ತದೆ” ಎಂದ. ಹಳೆಯ ಬ್ಯಾನರ್ ಕೇಳಿದೆ. ಆಗಲೇ ಯಾರೋ ಹುಲ್ಲಿನ ಮೆದೆಗೆ ಹೊದಿಸಲು ಕೊಂಡುಹೋಗಿದ್ದರು.

ಹೀಗಾಗಿ ಅಮ್ಮನಿಗೆ ತೋರಿಸಲು ನನ್ನ ಕೈಯಲ್ಲಿ ಏನೂ ಇಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, “ನಿನ್ ಅಕ್ಸರ ನಂಗೊತ್ತಾಗಲ್ವೇನಪ್ಪ? ಬರ್ದೋನೂ ನೀನೇ, ಮುಚ್ಚಿಡೋನೂ ನೀನೇ” ಎಂದಳು. ನಿನ್ನ ಎಸ್ಸೆಸ್ಸೆಲ್ಸಿ ಫೋಟೊ ಹುಡುಕಿ ತೆಗೆದು ಅದರ ಮುಂದೆ ದೀಪ ಹಚ್ಚಿದ್ದಾಳೆ. ಅಪ್ಪ ಬಂದು ಆರಿಸುತ್ತಾರೆ. ಅವಳು ಮತ್ತೆ ಹಚ್ಚುತ್ತಾಳೆ. ಬರುವ ಭಾನುವಾರ, ಇಪ್ಪತ್ತಮೂರಕ್ಕೆ, ಅವಳ ಲೆಕ್ಕದಲ್ಲಿ ಹನ್ನೊಂದನೆಯ ದಿನ. ನಿನ್ನ ಹೆಸರಿನಲ್ಲಿ ಶಿವಗಣಾರಾಧನೆ ಮಾಡಿಸಬೇಕೆಂದು ಅಯ್ಯನವರಿಗೆ ಹೇಳಿಬಂದಿದ್ದಾಳೆ. ಅಷ್ಟರೊಳಗೆ ನಿನ್ನ ದನಿ ಅವಳ ಕಿವಿಗೆ ಬೀಳಬೇಕು. ಬೇರೆ ಯಾರು ಹೇಳಿದರೂ ನಂಬುವುದಿಲ್ಲ. ಕಾಗದವನ್ನು ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ.

ದೀಪಕ್‌ಗೆ ನನ್ನ ನಮಸ್ಕಾರ ತಿಳಿಸು. ಮಗುವಿಗೆ ನಂಜುಂಡೇಶ್ವರ ಒಳ್ಳೆಯದು ಮಾಡಲಿ.

ಇಂತಿ ನಿನ್ನ ಅಣ್ಣ,
ಅಮೃತೇಶ

ಮತ್ತೆ: ಕವರು ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಮಾದರಿ ಎಂದದ್ದು ಸುಳ್ಳು. ನೀನು ಹೋದ ಮೂರನೆಯ ದಿನ, ಬೀದಿಯವರು ದೀಪಕ್‌ನ ಜಾತಿ ಎತ್ತಿ ಆಡಲು ಶುರುಮಾಡಿದಾಗ, ಆ ಶ್ರದ್ಧಾಂಜಲಿಯನ್ನು ನಾನೇ ಮಾಡಿದೆ. ನಿನ್ನ ಫೋಟೊ ಇಟ್ಟಿದ್ದೆ. ಮರಣ ಎಂಬಲ್ಲಿ ನೀನು ಮನೆ ಬಿಟ್ಟ ತಾರೀಖು. ಊರಲ್ಲಿ ಕಟ್ಟಿಸುವ ಮನಸ್ಸಿತ್ತು. ಅಪ್ಪ ಅಂಗಡಿಗೆ ಬಂದು ನೋಡಿ, “ನನ್ ಮಗಳು ಬದುಕವ್ಳೆ ಕಣ್ಲಾ. ಅಳ್ಸಾಕು” ಎಂದರು. ಪ್ರಿಂಟ್ ಮಾಡಲಿಲ್ಲ, ಆದರೆ ಅಳಿಸಲೂ ಇಲ್ಲ. ಇನ್ನು ಮನೆಗೆ ಬರಕೂಡದು ಅಂತ ಅಪ್ಪ ಹೇಳಿದರು ಎಂದು ಅವತ್ತು ಅಮ್ಮನ ಫೋನ್ ಎತ್ತಿ ನಿನಗೆ ಹೇಳಿದೆನಲ್ಲ, ಅದನ್ನು ಅವರು ಹೇಳಿರಲಿಲ್ಲ. ಅಮ್ಮನ ನಂಬರ್ ಹಳೆಯದೇ ಇದೆ. ಅದಕ್ಕೇ ಮಾಡು. ಈ ಸಲ ನಾನು ಎತ್ತುವುದಿಲ್ಲ.